ಹಡಿಲು ಬಿದ್ದ ಕರಾರುಗಳು

ತುಳುವಿನಲ್ಲಿ ಪಡೀಲ್ ಎಂದರೆ ಬೇಸಾಯ ಬಿಟ್ಟ ಗದ್ದೆ. ಉಡುಪಿ, ಕುಂದಾಪುರದ ಕಡೆಯ ಕನ್ನಡದಲ್ಲಿ ಅದೇ ಹಡಿಲು. ಅದೇ ಹೆಸರು ಹೊತ್ತ, ಮಂಗಳೂರಿನ ಪಡೀಲಿನಲ್ಲಿ ಇವತ್ತು ಹಡಿಲು ಗದ್ದೆ ಹುಡುಕಲು ಹೊರಟರೆ ಕಾಲು ಸೋಲುತ್ತದೆ. ಬಿ.ಸಿ. ರೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದಲೇ ಹಾದುಹೋಗುತ್ತದೆ, ಮಂಗಳೂರು ಜಂಕ್ಷನ್ ರೈಲು ನಿಲ್ದಾಣ ಹತ್ತಿರದಲ್ಲೇ ಇದೆ. 2025ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ದಕ್ಷಿಣ ಕನ್ನಡ ಜಿಲ್ಲಾಡಳಿತದ ಹೊಸ ಸಂಕೀರ್ಣ ‘ಪ್ರಜಾಸೌಧ’ವನ್ನು ಇಲ್ಲಿಯೇ ಉದ್ಘಾಟಿಸಿದರು. ಅದುವರೆಗೆ ಸ್ಟೇಟ್‌ಬ್ಯಾಂಕ್ ಬಳಿಯ ಹಳೆಯ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಅಭ್ಯಾಸವಾಗಿದ್ದ ಜನ ಈಗ ಕಾಗದಪತ್ರದ ಚೀಲ ಹಿಡಿದು ಪಡೀಲಿನಲ್ಲಿ ಬಸ್ಸಿಳಿಯುತ್ತಾರೆ.

ಸರಕಾರಿ ಕಚೇರಿ ಎಲ್ಲಿದೆಯೋ ಅಲ್ಲಿ ಝೆರಾಕ್ಸ್ ಅಂಗಡಿ, ಡಿ.ಟಿ.ಪಿ. ಸೆಂಟರು, ಅರ್ಜಿ ಬರೆದುಕೊಡುವವರು ಇದ್ದೇ ಇರುತ್ತಾರೆ. ಮಂಗಳೂರಿನದೇ ಆಗಲಿ ಹಾವೇರಿಯದೇ ಆಗಲಿ, ಇಂಥ ಅಂಗಡಿಯ ಕಂಪ್ಯೂಟರ್ ತೆರೆದರೆ ಕಾಣುವ ನೋಟ ಹೆಚ್ಚುಕಡಿಮೆ ಒಂದೇ: ‘ಬಾಡಿಗೆ ಕರಾರು’, ‘ಬಾಡಿಗೆ ಕರಾರು ಹೊಸತು’, ‘ಬಾಡಿಗೆ ಕರಾರು ಹೊಸತು 2’, ‘ಬಾಡಿಗೆ ಕರಾರು ಫೈನಲ್’, ‘ಫೈನಲ್ ಲಾಸ್ಟ್’. ಎಷ್ಟೋ ವರ್ಷದ ಹಿಂದೆ ಯಾರೋ ಟೈಪ್ ಮಾಡಿದ ಒಂದು ವರ್ಡ್ ಫೈಲು. ಹೊಸ ಗಿರಾಕಿ ಬಂದಾಗ ಹಳೆಯ ಹೆಸರು ಅಳಿಸಿ ಹೊಸ ಹೆಸರು ಕೂರಿಸುತ್ತಾರೆ, ಮೊತ್ತ ತಿದ್ದುತ್ತಾರೆ, ಇ-ಸ್ಟಾಂಪ್ ಹಾಳೆಯ ಮೇಲೆ ಮುದ್ರಿಸುತ್ತಾರೆ. ಬಾಡಿಗೆ ಕರಾರು ಹನ್ನೊಂದು ತಿಂಗಳಿಗೇ ನಿಲ್ಲುವುದಕ್ಕೂ ಕಾರಣವಿದೆ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಅಥವಾ ಬಾಡಿಗೆಯನ್ನು ನೋಂದಾಯಿಸಲೇಬೇಕು. ಹನ್ನೊಂದಕ್ಕೆ ನಿಂತರೆ ಆ ಓಡಾಟ ತಪ್ಪುತ್ತದೆ.

ಸಹಿ ಬಿದ್ದ ಮೇಲೆ ಆ ಕರಾರು ಹಡಿಲು ಬೀಳುತ್ತದೆ. ಮನೆಯ ಕಪಾಟಿನಲ್ಲೋ ಅಂಗಡಿಯ ಹಾರ್ಡ್‌ಡಿಸ್ಕಿನಲ್ಲೋ ಮಲಗಿರುತ್ತದೆ. ಜಗಳವಾದಾಗ ಮಾತ್ರ ಅದರ ನೆನಪಾಗುತ್ತದೆ.

ಒಂದೆರಡು ಕರಾರು ಇರುವವರಿಗೆ ಇದರಿಂದ ದೊಡ್ಡ ತೊಂದರೆಯೇನೂ ಇಲ್ಲ. ಪಡೀಲಿನಂಥ ಹೆದ್ದಾರಿ ಬದಿಯ ಊರಿನಲ್ಲಿ ಏಳೆಂಟು ಗೋದಾಮು ಬಾಡಿಗೆಗೆ ಕೊಟ್ಟ ಮಾಲಕರೊಬ್ಬರನ್ನು ಕಲ್ಪಿಸಿಕೊಳ್ಳಿ. ಒಂದರಲ್ಲಿ ಅಡಿಕೆ ದಾಸ್ತಾನು, ಇನ್ನೊಂದರಲ್ಲಿ ಟೈಲ್ಸ್, ಮತ್ತೊಂದು ಕೊರಿಯರ್‌ನವರದು. ಯಾವ ಕರಾರು ಯಾವ ತಿಂಗಳಿಗೆ ಮುಗಿಯುತ್ತದೆ, ಯಾರಿಗೆ ಶೇಕಡಾ ಎಷ್ಟು ಬಾಡಿಗೆ ಏರಿಸಬೇಕು, ಯಾರ ಅಡ್ವಾನ್ಸ್ ಎಷ್ಟು, ಬಿಡಿಸಬೇಕಾದರೆ ಎಷ್ಟು ದಿನ ಮುಂಚೆ ನೋಟಿಸು ಕೊಡಬೇಕು? ಉತ್ತರ ಫೈಲಿನೊಳಗೇ ಇದೆ. ಆದರೆ ಫೈಲು ತಾನಾಗಿ ಬಾಯಿ ಬಿಡುವುದಿಲ್ಲ. ಅದನ್ನು ಮಾತಾಡಿಸುವುದಕ್ಕೆಂದೇ ಹುಟ್ಟಿದ್ದು ಕಾಂಟ್ರಾಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್, ಅಂದರೆ ಕರಾರು ನಿರ್ವಹಣಾ ತಂತ್ರಾಂಶ.

ಈ ತಂತ್ರಾಂಶ ಕರಾರನ್ನು ಬರೇ ಪುಟವೆಂದು ನೋಡುವುದಿಲ್ಲ, ಖಾನೆಗಳಾಗಿ ಒಡೆಯುತ್ತದೆ. ಪಕ್ಷಕಾರರು ಯಾರು, ಶುರು ಯಾವಾಗ, ಕೊನೆ ಯಾವಾಗ, ಮೊತ್ತ ಎಷ್ಟು, ಷರತ್ತುಗಳು ಯಾವುವು, ಎಂದು. ಆಸ್ತಿ ನೋಂದಣಿಗೆ 2023ರಲ್ಲಿ ಬಂದ ಕಾವೇರಿ 2.0 ವ್ಯವಸ್ಥೆ ಬಳಸಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಅಲ್ಲಿಯೂ ಪಕ್ಷಕಾರರ ಹೆಸರು, ಆಸ್ತಿಯ ವಿವರಗಳನ್ನು ಬೇರೆ ಬೇರೆ ಖಾನೆಗಳಲ್ಲಿ ತುಂಬಿಸಬೇಕು. 2017ರಲ್ಲಿ ಶುರುವಾದ, ಬೆಂಗಳೂರಿನಲ್ಲಿ ನೆಲೆಯಿರುವ ಸ್ಪಾಟ್‌ಡ್ರಾಫ್ಟ್, ಪುಣೆಯಲ್ಲಿ ದೊಡ್ಡ ನೆಲೆಯಿರುವ ಐಸರ್ಟಿಸ್, ಚೆನ್ನೈ ಮೂಲದ ಜೋಹೊ ಇಂಥ ತಂತ್ರಾಂಶ ಮಾಡುವ ಕಂಪೆನಿಗಳು. ಸರಕಾರದ ಕಡೆ, 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಡಿ ಕರೆಯುವ ಟೆಂಡರುಗಳು ಈಗ ಕೆ.ಪಿ.ಪಿ.ಪಿ. ಪೋರ್ಟಲ್ ಮೂಲಕ ಸಾಗುತ್ತವೆ. ರಸ್ತೆ, ಮೋರಿ, ಕಟ್ಟಡದ ಕಾಮಗಾರಿಗಳಿಗೆ ಕೆಡಬ್ಲ್ಯು-1, ಕೆಡಬ್ಲ್ಯು-2 ಎಂದು ಸಂಖ್ಯೆ ಹಚ್ಚಿದ ಮಾದರಿ ಟೆಂಡರ್ ದಸ್ತಾವೇಜುಗಳಿವೆ. ಮುಂಗಡ ಠೇವಣಿ (ಇ.ಎಂ.ಡಿ.) ಎಷ್ಟು, ಕೆಲಸ ಮುಗಿಸುವ ಅವಧಿ ಎಷ್ಟು ಎಂದು ಹುಡುಕುವ ಗುತ್ತಿಗೆದಾರನಿಗೆ ಅವು ಯಾವ ಭಾಗದಲ್ಲಿ ಸಿಗುತ್ತವೆ ಎಂಬುದು ರೂಢಿಯಿಂದಲೇ ಗೊತ್ತು.

ಹೊಸ ಕರಾರನ್ನು ತಂತ್ರಾಂಶದೊಳಗೇ ಬರೆಯುವುದು ಸಲೀಸು. ನಿಜವಾದ ಸಂಕಟ ಇರುವುದು ಹಳೆಯದನ್ನು ಒಳಗೆ ತರುವಲ್ಲಿ.

ಅದೇಕೆ ಎಂದು ತಿಳಿಯಲು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ. ಯಾವುದಾದರೂ ವರ್ಡ್ ಫೈಲಿನ ನಕಲು ತೆಗೆದುಕೊಳ್ಳಿ. ಹೆಸರಿನ ಕೊನೆಯಲ್ಲಿರುವ ‘ಡಾಕ್ಸ್’ ಅಳಿಸಿ ‘ಜಿಪ್’ ಎಂದು ಬರೆದು ತೆರೆಯಿರಿ. ಒಂದು ಫೈಲು ಅಂದುಕೊಂಡದ್ದರೊಳಗೆ ಹಲವು ಫೈಲುಗಳಿರುತ್ತವೆ. ಒಂದರಲ್ಲಿ ಪಠ್ಯ, ಇನ್ನೊಂದರಲ್ಲಿ ಅಕ್ಷರವಿನ್ಯಾಸದ ಶೈಲಿಗಳು. ಕ್ರಮಸಂಖ್ಯೆಯ ಲೆಕ್ಕಕ್ಕೇ ಬೇರೆಯೊಂದು, ಅಂಚಿನ ಟಿಪ್ಪಣಿಗಳಿದ್ದರೆ ಅವಕ್ಕೆ ಮತ್ತೊಂದು. ಮೈಕ್ರೋಸಾಫ್ಟ್ ವರ್ಡ್ 2007ರಿಂದ ಈ ಡಬ್ಬಿಯ ಪದ್ಧತಿ ಶುರುವಾಯಿತು. 2006ರಲ್ಲಿ ಎಕ್ಮಾ ಸಂಸ್ಥೆಯ ಶಿಷ್ಟತೆಯಾಗಿ, 2008ರಲ್ಲಿ ಐ.ಎಸ್.ಓ. ಶಿಷ್ಟತೆಯಾಗಿ ಇದಕ್ಕೆ ಮಾನ್ಯತೆ ಸಿಕ್ಕಿತು. ಅದಕ್ಕಿಂತ ಹಿಂದಿನ ‘ಡಾಕ್’ ಫೈಲುಗಳನ್ನು ಹೀಗೆ ಬಿಚ್ಚಿ ನೋಡಲಾಗದು. ಹಳೆಯ ಫೈಲುಗಳ ರಾಶಿ ತಂದುಕೊಟ್ಟರೆ ಅವನ್ನೆಲ್ಲ ಹೊಸ ರೂಪಕ್ಕೆ ತಿರುಗಿಸುವುದೇ ಮೊದಲ ಕೆಲಸವಾಗುತ್ತದೆ.

ಡಬ್ಬಿಯೊಳಗಿನ ಫೈಲುಗಳೆಲ್ಲ ಒಟ್ಟು ಸೇರಿದಾಗ ಮಾತ್ರ ಪರದೆಯ ಮೇಲೆ ಪುಟ ಕಾಣುತ್ತದೆ. ಆಮದು ಮಾಡುವ ತಂತ್ರಾಂಶ ಅವುಗಳಲ್ಲಿ ಒಂದನ್ನೇ ಓದಿ ಇನ್ನೊಂದನ್ನು ಬಿಟ್ಟರೆ ಎಡವಟ್ಟು. ಕ್ರಮಸಂಖ್ಯೆಯನ್ನೇ ನೋಡಿ. ವರ್ಡ್ ತಾನೇ ಹಾಕುವ 1, 2, 3 ಎಂಬ ಸಂಖ್ಯೆಗಳು ಪಠ್ಯದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ‘ಇದು ಪಟ್ಟಿಯ ಮುಂದಿನ ಸಾಲು’ ಎಂಬ ಗುರುತು ಮಾತ್ರ ಇರುತ್ತದೆ. ಪಠ್ಯವನ್ನಷ್ಟೇ ಹೀರಿಕೊಂಡರೆ ಷರತ್ತುಗಳ ಸಂಖ್ಯೆ ಮಾಯ. ‘7ನೇ ಷರತ್ತಿನಲ್ಲಿ ಹೇಳಿದಂತೆ’ ಎಂದು ಟೈಪಿಸ್ಟ್ ಕೈಯಾರೆ ಬರೆದದ್ದು ಮಾತ್ರ ಉಳಿದುಕೊಂಡು, ಆ ಏಳನೆಯದು ಯಾವುದೆಂದು ಬೆರಳು ಮಡಚಿ ಎಣಿಸಬೇಕಾಗುತ್ತದೆ. ನಡುವೆ ಯಾರೋ ನಾಲ್ಕನೇ ಷರತ್ತು ತೆಗೆದುಹಾಕಿದ್ದರೆ ಏಳನೆಯದು ಆರನೆಯದಾಗಿರುತ್ತದೆ, ಕೈಯಾರೆ ಬರೆದ ಏಳು ಏಳಾಗಿಯೇ ಇರುತ್ತದೆ.

ಟ್ರ್ಯಾಕ್ ಚೇಂಜಸ್ ಇದಕ್ಕಿಂತ ಅಪಾಯದ್ದು. ಎರಡೂ ಕಡೆಯ ವಕೀಲರು ಕರಡನ್ನು ಕಳುಹಿಸಿ ತರಿಸಿ ತಿದ್ದುವಾಗ ಬಳಸುವ ಸೌಲಭ್ಯ ಇದು. ಇದನ್ನು ಹಾಕಿಟ್ಟಾಗ ಅಳಿಸಿದ ಮಾತು ಅಳಿಯುವುದಿಲ್ಲ, ‘ಅಳಿಸಿದ್ದು’ ಎಂಬ ಗುರುತು ಹೊತ್ತು ಅಲ್ಲೇ ಕೂತಿರುತ್ತದೆ. ಗೋದಾಮಿನ ಅಡ್ವಾನ್ಸ್ ಮೂರು ಲಕ್ಷ ಎಂದಿದ್ದನ್ನು ಮಾತುಕತೆಯ ಬಳಿಕ ಎರಡು ಲಕ್ಷಕ್ಕೆ ಇಳಿಸಿದ್ದಾರೆ ಎನ್ನಿ. ಬದಲಾವಣೆಯನ್ನು ‘ಆ್ಯಕ್ಸೆಪ್ಟ್’ ಮಾಡದೆ ಫೈಲು ಏರಿಸಿ, ಓದುವ ತಂತ್ರಾಂಶವೂ ಗುರುತುಗಳನ್ನು ಗಮನಿಸದೆ ಹೋದರೆ ಒಳಗೆ ಬೀಳುವುದು ‘ರೂ. 3,00,0002,00,000’ ಎಂಬ ವಿಚಿತ್ರ ಮೊತ್ತ. ಇದು ಕಣ್ಣಿಗೆ ಹೊಡೆಯುವ ತಪ್ಪು, ಆದ್ದರಿಂದ ಸಿಕ್ಕಿಬೀಳುತ್ತದೆ. ‘ಬಾಡಿಗೆದಾರರು ಒಳಬಾಡಿಗೆಗೆ ಕೊಡತಕ್ಕದ್ದಲ್ಲ’ ಎಂಬ ಸಾಲನ್ನು ಮಾತಾಡಿಕೊಂಡು ತೆಗೆದಿದ್ದು, ಅದು ಸದ್ದಿಲ್ಲದೆ ಮರಳಿ ಬಂದು ಕೂತರೆ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ದಸ್ತಾವೇಜುಗಳ ಷೆಡ್ಯೂಲಿನದ್ದು ಬೇರೆಯೇ ಕತೆ. ಆಸ್ತಿಯ ಚೆಕ್ಕುಬಂದಿಯನ್ನು ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಎಂದು ಬರೆಯುವಾಗ ಟೇಬಲ್ ಹಾಕುವ ಬದಲು ಸ್ಪೇಸ್‌ಬಾರ್ ಒತ್ತಿ ಒತ್ತಿ ಸಾಲು ಕೂಡಿಸುವ ರೂಢಿ ಬಹಳ ಹಳೆಯದು. ಟೈಪ್‌ರೈಟರಿನಲ್ಲಿ ಕೈ ಪಳಗಿಸಿಕೊಂಡವರು ತಂದ ವಿದ್ಯೆ ಅದು. ಕಾಗದದ ಮೇಲೆ ಚೆಂದವಾಗಿ ಕಾಣುತ್ತದೆ. ಆಮದಾದ ಮೇಲೆ ಪೂರ್ವದ ತೋಡು ಪಶ್ಚಿಮದ ರಸ್ತೆಯ ಜೊತೆ ಒಂದೇ ಸಾಲಿನಲ್ಲಿ ಸೇರಿಕೊಂಡಿರುತ್ತದೆ.

ಇಲ್ಲಿಯವರೆಗಿನ ತೊಡಕುಗಳು ಯಾವ ಭಾಷೆಯ ಕರಾರಿಗೂ ಬರುವಂಥವು. ಕನ್ನಡದ ಕರಾರಿಗೆ ಇದರ ಮೇಲೊಂದು ಪದರವಿದೆ.

ಕನ್ನಡ ಗಣಕ ಪರಿಷತ್ತು 2000ರ ದಶಕದ ಆರಂಭದಲ್ಲಿ ತಂದ ‘ನುಡಿ’, ಅದಕ್ಕೂ ಮೊದಲು 1998ರಲ್ಲಿ ಶೇಷಾದ್ರಿವಾಸು ಅವರು ತಂದ ‘ಬರಹ’, ಈ ಎರಡು ಇಲ್ಲದಿದ್ದರೆ ಕರ್ನಾಟಕದ ಕಚೇರಿಗಳು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಇನ್ನೂ ತಡವಾಗುತ್ತಿತ್ತು. ನುಡಿಯ ಕೀಲಿಮಣೆ ವಿನ್ಯಾಸದ ಮೂಲ ಮಂಗಳೂರಿನ ಪಕ್ಕದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಅವರು ತಮ್ಮ ತಂತ್ರಾಂಶಕ್ಕೆ ಈ ಜಿಲ್ಲೆಯದೇ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಗೌರವಕ್ಕೆ ‘ಸೇಡಿಯಾಪು’ ಎಂದೇ ಹೆಸರಿಟ್ಟಿದ್ದರು. ಆ ಕಾಲದ ಕಂಪ್ಯೂಟರುಗಳಿಗೆ ಕನ್ನಡ ಅಕ್ಷರವೆಂದರೆ ಏನೆಂದೇ ಗೊತ್ತಿರಲಿಲ್ಲ. ಆದ್ದರಿಂದ ಇಂಥ ತಂತ್ರಾಂಶ ಮಾಡಿದವರು ಯುರೋಪಿನ ಅಕ್ಷರಗಳ ಜಾಗಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುವ ಉಪಾಯ ಮಾಡಿದರು. ಫಾಂಟು ಇರುವವರೆಗೆ ಅದು ಕನ್ನಡ. ಫಾಂಟು ಕಳಚಿದರೆ ಒಳಗಿನ ವೇಷಧಾರಿ ಹೊರಗೆ ಬರುತ್ತಾನೆ.

ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಬಿಚ್ಚಿ ನೋಡೋಣ. ಮೊದಲು ಇಂಗ್ಲಿಷಿನ ದೊಡ್ಡ ಪಿ. ಅದರ ಪಕ್ಕ ತಲೆಯ ಮೇಲೆ ಗೀಟಿರುವ ಫ್ರೆಂಚ್ ಎ. ಎರಡೂ ಸೇರಿ ‘ಕ’. ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ; ಇದು ‘ನ’. ಕೆಳಗಿನ ನ-ಒತ್ತಿಗೆ ಜರ್ಮನ್ ಭಾಷೆಯ ಜೋಡಿ ಎಸ್. ಕೊನೆಗೆ ಸಣ್ಣ ಕ್ಯೂ ಮತ್ತು ಅದೇ ಎ ಸೇರಿ ‘ಡ’. ಒಟ್ಟು ಏಳು ಚಿಹ್ನೆ, ಒಂದೂ ಕನ್ನಡದ್ದಲ್ಲ. ‘ಪತ್ರ’ ಎಂದು ಬರೆದರೆ ‘ಪ’ದ ಜಾಗದಲ್ಲಿ ಜಪಾನಿನ ಯೆನ್ ಕೂತಿರುತ್ತದೆ. ಹಣದ ಮೊತ್ತ ಹುಡುಕಿ ಹೆಕ್ಕುವ ತಂತ್ರಾಂಶಕ್ಕೆ ಇಂಥ ಕರಾರು ಕೊಟ್ಟರೆ ರೂಪಾಯಿ ಬಿಟ್ಟು ಪೌಂಡು, ಯೆನ್ನುಗಳೇ ಕಣ್ಣಿಗೆ ಬಿದ್ದರೆ ಆಶ್ಚರ್ಯವಿಲ್ಲ.

ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದ್ದೇ ಜಾಗವಿದೆ. ಅಲ್ಲಿ ‘ಕನ್ನಡ’ ಎಂದರೆ ಐದೇ ಸಂಕೇತ: ಕ, ನ, ಹಲಂತ, ನ, ಡ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಇದಕ್ಕೆ ಬಾಗಿಲು ತೆರೆಯಿತು. ಆಮೇಲೆ ನುಡಿ, ಬರಹ ಎರಡೂ ಯೂನಿಕೋಡನ್ನು ಒಳಗೊಂಡವು. ರಾಜ್ಯ ಸರಕಾರವೂ ಯೂನಿಕೋಡನ್ನೇ ಶಿಷ್ಟತೆ ಎಂದು ಒಪ್ಪಿತು. ಆದರೆ ಡಿ.ಟಿ.ಪಿ. ಅಂಗಡಿಗಳಲ್ಲಿ ‘ನುಡಿ 01 ಇ’ ಇನ್ನೂ ಬೀಡುಬಿಟ್ಟಿದೆ. ಮುದ್ರಣದ ತಂತ್ರಾಂಶಗಳಿಗೆ ಅದು ಒಗ್ಗಿದ್ದು ಒಂದು ಕಾರಣ. ಹಳೆಯ ಫೈಲನ್ನೇ ತಿದ್ದಿ ಹೊಸದು ಮಾಡುವ ರೂಢಿ ಇನ್ನೊಂದು.

ಹಳೆಯದನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಕೆಲಸ ಮಾತ್ರ ಒಂದಕ್ಕೆ ಒಂದು ಅಕ್ಷರ ಬದಲಾಯಿಸಿದಷ್ಟು ಸರಳವಲ್ಲ. ಯಾವ ಕರಾರಿನಲ್ಲೂ ಬರುವ ‘ವರ್ಷ’ ಎಂಬ ಪದವನ್ನು ತೆಗೆದುಕೊಳ್ಳಿ. ನುಡಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆದಿಡುತ್ತದೆ: ವ, ಷ, ಕೊನೆಗೆ ಅರ್ಕಾವೊತ್ತು. ಯೂನಿಕೋಡ್ ಬಾಯಲ್ಲಿ ಉಚ್ಚರಿಸುವ ಕ್ರಮದಲ್ಲಿ ಇಡುತ್ತದೆ: ವ, ರ, ಹಲಂತ, ಷ. ಪರಿವರ್ತಕ ಅರ್ಕಾವೊತ್ತನ್ನು ಎತ್ತಿ ಹಿಂದಕ್ಕೆ ತಂದು ಕೂರಿಸಬೇಕು. ಇನ್ನು ಕನ್ನಡದ ನಡುವೆ ಇಂಗ್ಲಿಷಿನಲ್ಲಿ ಬರೆದ ಪ್ಯಾನ್ ಸಂಖ್ಯೆಯೋ ಕಂಪೆನಿಯ ಹೆಸರೋ ಇದ್ದರೆ, ಯಾವುದು ವೇಷ ಹಾಕಿದ ಇಂಗ್ಲಿಷ್, ಯಾವುದು ನಿಜವಾದ ಇಂಗ್ಲಿಷ್ ಎಂದು ಹೇಳಬಲ್ಲದ್ದು ಫಾಂಟಿನ ಹೆಸರೊಂದೇ. ಫಾಂಟಿನ ಗುರುತು ಬಿಟ್ಟು ಬರೀ ಪಠ್ಯವನ್ನು ಪರಿವರ್ತಕಕ್ಕೆ ಸುರಿದರೆ ಪ್ಯಾನ್ ಸಂಖ್ಯೆಯ ಅಕ್ಷರಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ.

ಯೂನಿಕೋಡಿಗೆ ಬಂದ ಮೇಲೂ ಚಿಲ್ಲರೆ ಬಾಕಿ ಉಳಿಯುತ್ತದೆ. ೧-೪-೨೦೨೪ ಎಂದು ಕನ್ನಡ ಅಂಕಿಯಲ್ಲಿ ಬರೆದ ದಿನಾಂಕವನ್ನು ಹಲವು ತಂತ್ರಾಂಶಗಳು ದಿನಾಂಕವೆಂದೇ ಗುರುತಿಸುವುದಿಲ್ಲ. 03/04/2024 ಎಂಬುದನ್ನು ಅಮೆರಿಕದ ಪದ್ಧತಿಗೆ ಹೊಂದಿಸಿದ ತಂತ್ರಾಂಶ ಮಾರ್ಚ್ 4 ಎಂದು ಓದುತ್ತದೆ, ಮಂಗಳೂರಿನವರಿಗೆ ಅದು ಏಪ್ರಿಲ್ 3. ಬಾಡಿಗೆ ಮುಗಿಯುವ ಎಚ್ಚರಿಕೆ ಒಂದು ತಿಂಗಳು ಮುಂಚೆ ಬಂದರೆ ಪುಣ್ಯ. ಉಲ್ಟಾ ಆಗಿ ತಡವಾಗಿ ಬಂದರೆ ನೋಟಿಸಿನ ಅವಧಿಯೇ ಕಳೆದುಹೋಗಿರುತ್ತದೆ.

ಊರಿನ ಹೆಸರೂ ಸುಮ್ಮನಿರುವುದಿಲ್ಲ. ಪಡೀಲ್, ಪಡೀಲು, ಪಡಿಲ್ ಎಂದು ಮೂರು ಬಗೆಯಲ್ಲಿ ಬರೆದ ವಿಳಾಸಗಳು ಕಂಪ್ಯೂಟರಿಗೆ ಮೂರು ಊರು. ಇಂಗ್ಲಿಷ್ ಕರಾರುಗಳಲ್ಲಿ 2014ರ ನವೆಂಬರ್ 1ಕ್ಕೆ ಮೊದಲು ‘ಮ್ಯಾಂಗಲೋರ್’, ಆಮೇಲೆ ‘ಮಂಗಳೂರು’. ಅಂದು ರಾಜ್ಯದ ಹನ್ನೆರಡು ನಗರಗಳ ಹೆಸರಿನ ಇಂಗ್ಲಿಷ್ ರೂಪ ಬದಲಾಯಿತು. ಒಂದೇ ಹೆಸರಿನಲ್ಲಿ ಹುಡುಕಿದರೆ ಅರ್ಧ ಕರಾರುಗಳು ಮುಖ ತೋರಿಸುವುದಿಲ್ಲ.

ಇಷ್ಟೆಲ್ಲ ತೊಡಕಿದ್ದರೂ ಆಮದು ನಡೆಯುತ್ತದೆ. ಕೆಲಸ ಬಲ್ಲವರು ಇದನ್ನು ಒಂದೇ ಏಟಿಗೆ ಮುಗಿಸಲು ಹೋಗುವುದಿಲ್ಲ. ಮೊದಲು ವಿಂಗಡಣೆ. ಮುಗಿದುಹೋದ ಕರಾರು ಯಾವುದು, ಜೀವಂತವಿರುವುದು ಯಾವುದು, ಸಹಿ ಬಿದ್ದ ಕೊನೆಯ ರೂಪ ಯಾವುದು ಎಂದು ಬೇರ್ಪಡಿಸುತ್ತಾರೆ. ‘ಫೈನಲ್ ಲಾಸ್ಟ್’ ಎಂಬ ಹೆಸರನ್ನು ನಂಬದೆ ಸಹಿಯ ಪ್ರತಿಯ ಜೊತೆ ಹೋಲಿಸಿ ನೋಡುತ್ತಾರೆ. ಮುಗಿದವನ್ನು ಪಿ.ಡಿ.ಎಫ್. ಆಗಿ ಇದ್ದ ಹಾಗೆ ಏರಿಸಿ, ಪಕ್ಷಕಾರರು, ದಿನಾಂಕ, ಮೊತ್ತಗಳನ್ನು ಎಕ್ಸೆಲ್ ಪಟ್ಟಿಯಲ್ಲಿ ಕೊಟ್ಟರೆ ಸಾಕು. ಜೀವಂತವಿರುವವನ್ನು ಮಾತ್ರ ಬಿಡಿಸಿ ತೊಳೆಯುತ್ತಾರೆ: ಬದಲಾವಣೆಗಳನ್ನು ಒಪ್ಪಿ ಮುಗಿಸುವುದು, ಟಿಪ್ಪಣಿ ತೆಗೆಯುವುದು, ತಲೆಬರಹಗಳಿಗೆ ವರ್ಡಿನ ‘ಹೆಡಿಂಗ್’ ಶೈಲಿಯನ್ನೇ ಹಚ್ಚುವುದು, ಚೆಕ್ಕುಬಂದಿಯನ್ನು ನಿಜವಾದ ಟೇಬಲ್ಲಿಗೆ ತರುವುದು. ಮತ್ತೆ ಮತ್ತೆ ಬಳಸುವಂಥದನ್ನು ಟೆಂಪ್ಲೇಟು ಮಾಡಿ, ಬದಲಾಗುವ ಕಡೆ ಆವರಣ ಚಿಹ್ನೆಯೊಳಗೆ ‘ಬಾಡಿಗೆದಾರರ ಹೆಸರು’ ಎಂದು ಗುರುತು ಹಾಕುತ್ತಾರೆ. ಆ ಗುರುತನ್ನು ಒಂದೇ ಉಸಿರಿನಲ್ಲಿ ಟೈಪ್ ಮಾಡಬೇಕೆಂಬುದು ಇಲ್ಲಿನ ಗುಟ್ಟು. ನಡುವೆ ತಿದ್ದಿದರೆ ವರ್ಡ್ ಒಳಗೊಳಗೇ ಅದನ್ನು ಎರಡು ಮೂರು ತುಂಡು ಮಾಡಿ ಇಡಬಹುದು. ಪರದೆಯಲ್ಲಿ ಅಖಂಡವಾಗಿ ಕಂಡರೂ ತಂತ್ರಾಂಶಕ್ಕೆ ಅದು ಸಿಗುವುದೇ ಇಲ್ಲ.

ಈಗ ಕೃತಕ ಬುದ್ಧಿಮತ್ತೆ ಇದೆಯಲ್ಲ, ಅದೇ ಓದಿಕೊಳ್ಳಲಿ ಎನ್ನುವವರಿದ್ದಾರೆ. ಕರಾರಿನಿಂದ ದಿನಾಂಕ, ಮೊತ್ತ, ಷರತ್ತು ಹೆಕ್ಕುವುದರಲ್ಲಿ ಅದು ಬಹಳಷ್ಟು ಹೊರೆ ಇಳಿಸಿದೆ, ನಿಜ. ಆದರೆ ಸ್ಕ್ಯಾನ್ ಮಾಡಿದ ಮಸುಕು ಪುಟದಲ್ಲಿ ‘೩’ ಮತ್ತು ‘೨’ರ ನಡುವೆ ಅನುಮಾನ ಬಂದಾಗ, ಅನುಮಾನವಿದೆ ಎಂದು ಹೇಳದೆ ಒಂದನ್ನು ಬರೆದುಬಿಡುವ ಅಭ್ಯಾಸವೂ ಅದಕ್ಕುಂಟು. ಹಾಗಾಗಿ ಮೊತ್ತ ಮತ್ತು ದಿನಾಂಕದ ಖಾನೆಗಳನ್ನು ಮನುಷ್ಯರೊಬ್ಬರು ಮೂಲದ ಪಕ್ಕದಲ್ಲಿಟ್ಟು ನೋಡುವ ಪದ್ಧತಿ ಉಳಿದುಕೊಂಡಿದೆ.

ಕರಾರಿನ ಆಯುಸ್ಸು ಫೈಲಿನ ಆಯುಸ್ಸಿಗಿಂತ ಉದ್ದ ಎಂಬುದು ಇನ್ನೊಂದು ಮಾತು. ದಕ್ಷಿಣ ಕನ್ನಡದವರಿಗೆ ಇದು ಹೊಸದಲ್ಲ. ತಲೆಮಾರುಗಳ ಹಿಂದೆ ಬರೆದ ಮೂಲಗೇಣಿ (ಶಾಶ್ವತ ಗೇಣಿ) ಚೀಟುಗಳ ಹಕ್ಕು ಇತ್ಯರ್ಥ ಮಾಡಲು 2011ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಮಂಗಳೂರು ವಿಮಾನ ನಿಲ್ದಾಣದ ನಿರ್ವಹಣೆಯನ್ನು ಅದಾನಿ ಸಮೂಹ 2020ರ ಅಕ್ಟೋಬರ್ 31ರಂದು ವಹಿಸಿಕೊಂಡದ್ದು 50 ವರ್ಷದ ಕರಾರಿನ ಮೇಲೆ. ಅದರ ಕೊನೆಯ ವರ್ಷದಲ್ಲಿ ಆ ದಸ್ತಾವೇಜು ತೆರೆಯಬೇಕಾದವರಲ್ಲಿ ಅನೇಕರು ಇನ್ನೂ ಹುಟ್ಟಿಲ್ಲ. 1980ರ ದಶಕದಲ್ಲಿ ವರ್ಡ್‌ಸ್ಟಾರಿನಲ್ಲಿ ಬರೆದದ್ದನ್ನು ಇಂದು ತೆರೆಯಲು ಎಷ್ಟು ತಿಣುಕಬೇಕು ಎಂದು ಬಲ್ಲವರಿಗೆ ಈ ಲೆಕ್ಕ ಅರ್ಥವಾಗುತ್ತದೆ.

ತಂತ್ರಾಂಶಕ್ಕೆ ಏರಿಸಿದ ಮೇಲೆ ಕಾಗದ ಎಸೆಯಬಹುದೇ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು, ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎನ್ನುತ್ತದೆ. ಆದರೆ ಕಾಗದದ ಮೇಲೆ ಸಹಿಯಾದ ಕರಾರಿಗೆ 1957ರ ಕರ್ನಾಟಕ ಸ್ಟಾಂಪು ಕಾಯ್ದೆ ಅನ್ವಯಿಸುತ್ತದೆ. ಸರಿಯಾದ ಸ್ಟಾಂಪಿಲ್ಲದ ಪತ್ರವನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ, ತಂತ್ರಾಂಶದಲ್ಲಿರುವ ನಕಲು ಸ್ಟಾಂಪಿನ ಜಾಗ ತುಂಬುವುದೂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ‘ಹ್ಯಾಶ್’ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟಿನ ಗುರುತಿದ್ದಂತೆ. ಒಂದು ಅಲ್ಪವಿರಾಮ ಬದಲಾದರೂ ಇಡೀ ಗುರುತು ಬದಲಾಗುತ್ತದೆ. ನುಡಿಯಿಂದ ಯೂನಿಕೋಡಿಗೆ ತಿರುಗಿಸಿದ ಕರಾರು ಓದುವವರಿಗೆ ಅದೇ ಕರಾರು, ಹ್ಯಾಶಿನ ಲೆಕ್ಕದಲ್ಲಿ ಬೇರೆಯೇ ಫೈಲು. ಆದ್ದರಿಂದ ಮೂಲ ಫೈಲನ್ನು ಮುಟ್ಟದೆ ಒಂದು ಕಡೆ ಇಟ್ಟು, ತಿದ್ದುವ ಕೆಲಸವನ್ನೆಲ್ಲ ನಕಲಿನ ಮೇಲೆ ಮಾಡುತ್ತಾರೆ.

ಗೋದಾಮಿನ ಮಾಲಕರ ಏಳೆಂಟು ಕರಾರುಗಳು ಹೀಗೆ ಒಳಗೆ ಬಂದವು ಎನ್ನಿ. ಪಕ್ಷಕಾರರು, ಅವಧಿ, ಬಾಡಿಗೆ, ಅಡ್ವಾನ್ಸ್, ನೋಟಿಸಿನ ದಿನಗಳು, ಎಲ್ಲಕ್ಕೂ ಖಾನೆಗಳಿವೆ. ಅಡಿಕೆ ಗೋದಾಮಿನ ಕರಾರು ಮುಗಿಯುವ ಅರುವತ್ತು ದಿನ ಮುಂಚೆ ಮೊಬೈಲಿಗೆ ಸಂದೇಶ ಬರುವ ಏರ್ಪಾಡೂ ಆಗಿದೆ. ಪಟ್ಟಿಯ ಕೊನೆಯಲ್ಲಿ ಇನ್ನೊಂದು ಖಾನೆ ಉಳಿದಿರುತ್ತದೆ, ಮೂಲ ಪ್ರತಿ ಎಲ್ಲಿದೆ ಎಂದು ಕೇಳುವ ಖಾನೆ. ಅದರಲ್ಲಿ ಅವರು ಬರೆಯುವುದು: ಮಲಗುವ ಕೋಣೆ, ಗೋದ್ರೆಜ್ ಕಪಾಟು, ಎರಡನೇ ಹಲಗೆ, ನೀಲಿ ಫೈಲು.